‘ಬಡವರು ಅಂತ ಒಳ್ಳೆ ಔಷಧಿ ಕೊಡಲಿಲ್ವಾ?’

ಈ ಸಲ ಬಂದ ಪತ್ರಗಳಲ್ಲಿ ಮೂರನ್ನು ಒಟ್ಟಿಗೆ ಇಟ್ಟುಕೊಂಡಿದ್ದೇನೆ. ಒಂದು ಮದ್ದೂರಿನದು, ಒಂದು ಇಂಗ್ಲೆಂಡಿನದು, ಇನ್ನೊಂದು ಚಳ್ಳಕೆರೆ ಕಡೆಯದು. ಮೂವರೂ ಕೇಳಿರುವುದು ಆಂಟಿಬಯಾಟಿಕ್ ಬಗ್ಗೆ. ಹೆಸರು ಹಾಕಬೇಡಿ ಎಂದು ಮೂವರೂ ಕೇಳಿಕೊಂಡಿದ್ದಾರೆ, ಹಾಕಿಲ್ಲ.

ಪ್ರಶ್ನೆ: ಡಾಕ್ಟ್ರಮ್ಮ, ನಾನು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಮಗನಿಗೆ ನಾಲ್ಕು ವರ್ಷ. ತಿಂಗಳು ಎರಡು ತಿಂಗಳಿಗೊಮ್ಮೆ ಶೀತ, ಕೆಮ್ಮು, ಜ್ವರ ಅಂತ ಮಲಗುತ್ತಾನೆ. ಬಸ್ ಸ್ಟ್ಯಾಂಡ್ ಹತ್ತಿರ ಒಂದು ಕ್ಲಿನಿಕ್‌ನಲ್ಲಿ ಮೂರು ದಿನಕ್ಕೆ ಅಜಿತ್ರೋ ಸಿರಪ್ ಬರೆದುಕೊಡುತ್ತಿದ್ದರು, ನಾಲ್ಕನೇ ದಿನಕ್ಕೆ ಎದ್ದು ಆಡುತ್ತಿದ್ದ. ಹೋದ ತಿಂಗಳು ಕೈಯಲ್ಲಿ ದುಡ್ಡಿರಲಿಲ್ಲ, ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಬರೀ ಪ್ಯಾರಾಸಿಟಮಾಲ್ ಕೊಟ್ಟು, ‘ಆಂಟಿಬಯಾಟಿಕ್ ಬೇಡ, ತಾನಾಗೇ ಹೋಗುತ್ತೆ’ ಅಂದರು. ನೋಡಿದ್ದು ಒಂದೇ ನಿಮಿಷ. ಬಡವರು ಅಂತ ಒಳ್ಳೆ ಔಷಧಿ ಕೊಡಲಿಲ್ವಾ? ನಾನು ರಜೆ ಹಾಕಿದರೆ ಸಂಬಳ ಕಟ್ ಆಗುತ್ತೆ, ಹಾಜರಿ ದುಡ್ಡೂ ಹೋಗುತ್ತೆ. ಬೇಗ ವಾಸಿ ಆಗೋ ಔಷಧಿ ಕೇಳೋದು ತಪ್ಪಾ?

ಉತ್ತರ: ಕೇಳೋದು ಖಂಡಿತ ತಪ್ಪಲ್ಲ ತಾಯಿ. ಅವರು ಆಂಟಿಬಯಾಟಿಕ್ ಕೊಡದೆ ಇದ್ದದ್ದು ಸರಿ. ಆದರೆ ಒಂದೇ ನಿಮಿಷದಲ್ಲಿ ನಿಮ್ಮನ್ನು ಕಳಿಸಿದ್ದು ಸರಿಯಲ್ಲ. ಯಾಕೆ ಬೇಡ ಅಂತ ಐದು ನಿಮಿಷ ಕೂರಿಸಿ ಹೇಳಿದ್ದರೆ ನೀವು ಈ ಪತ್ರ ಬರೆಯಬೇಕಾಗಿರಲಿಲ್ಲ.

ಮಕ್ಕಳಿಗೆ ಬರುವ ಶೀತ, ಕೆಮ್ಮು ಬಹುಪಾಲು ವೈರಸ್‌ನಿಂದ. ಆಂಟಿಬಯಾಟಿಕ್ ಕೊಲ್ಲೋದು ಬ್ಯಾಕ್ಟೀರಿಯಾವನ್ನು, ವೈರಸ್‌ಗೆ ಅದು ಏನೂ ಮಾಡಲ್ಲ. ಶೀತದ ಜ್ವರ ಸಾಮಾನ್ಯವಾಗಿ ಮೂರ್ನಾಲ್ಕು ದಿನದಲ್ಲಿ ತಾನಾಗೇ ಇಳಿಯುತ್ತೆ. ಅಜಿತ್ರೋ ಸಿರಪ್ ಮುಗಿಯೋದೂ ಮೂರನೇ ದಿನಕ್ಕೆ. ಹಾಗಾಗಿ ಹೆಸರು ಸಿರಪ್‌ಗೆ ಹೋಯಿತು. ಕೆಮ್ಮು ಮಾತ್ರ ಔಷಧಿ ಕುಡಿದರೂ ಕುಡಿಯದಿದ್ದರೂ ಎರಡೂವರೆ, ಮೂರು ವಾರ ಎಳೆಯಬಹುದು. ಎರಡು ವಾರ ದಾಟಿದರೆ ಮಾತ್ರ ಒಮ್ಮೆ ಆಸ್ಪತ್ರೆಯಲ್ಲಿ ತೋರಿಸಿ, ಯಾಕೆ ಅಂತ ಕೊನೆಯ ಉತ್ತರದಲ್ಲಿ ಹೇಳಿದ್ದೇನೆ. ಅಂಗನವಾಡಿಗೆ ಹೋಗೋ ವಯಸ್ಸಿನ ಮಗುವಿಗೆ ವರ್ಷಕ್ಕೆ ಆರೆಂಟು ಸಲ ಶೀತ ಆಗೋದು ಸಹಜ. ಒಂದೇ ಕೋಣೆಯ ಮನೆ, ಸೌದೆ ಒಲೆಯ ಹೊಗೆ ಇದ್ದರೆ ಇನ್ನೂ ಜಾಸ್ತಿ. ನಿಮ್ಮ ಮಗನ ಮೈಯಲ್ಲಿ ಶಕ್ತಿ ಇಲ್ಲ ಅಂತಲ್ಲ, ನೀವು ಸರಿಯಾಗಿ ನೋಡಿಕೊಳ್ಳುತ್ತಿಲ್ಲ ಅಂತಲೂ ಅಲ್ಲ.

‘ಒಳ್ಳೆ ಔಷಧಿ’ ಎಂದಿರಲ್ಲ, ಅದರ ಬಗ್ಗೆ ಒಂದು ಮಾತು. ವಿಶ್ವ ಆರೋಗ್ಯ ಸಂಸ್ಥೆ 2017ರಿಂದ ಆಂಟಿಬಯಾಟಿಕ್‌ಗಳನ್ನು ಮೂರು ಗುಂಪು ಮಾಡಿದೆ. ಮೊದಲು ಬಳಸಬೇಕಾದವು, ಹುಷಾರಾಗಿ ಬಳಸಬೇಕಾದವು, ಕೊನೆಗೆ ಅಂತ ಎತ್ತಿಡಬೇಕಾದವು. ನಿಮ್ಮ ಮಗನಿಗೆ ಪದೇ ಪದೇ ಕೊಟ್ಟ ಅಜಿತ್ರೋಮೈಸಿನ್ ಇರೋದು ಎರಡನೇ ಗುಂಪಿನಲ್ಲಿ. ಸುಮ್ನೆ ಶೀತಕ್ಕೆ ಅದನ್ನು ಕೊಡೋದು ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಬಿಟ್ಟ ಹಾಗೆ. ಮಗುವಿಗೆ ನಿಜವಾಗಿ ನ್ಯುಮೋನಿಯಾ ಆದರೆ ಮೊದಲು ಬೇಕಾಗೋದು ಅಮಾಕ್ಸಿಸಿಲಿನ್. ಹಳೆಯ ಔಷಧಿ, ಅಗ್ಗದ್ದು. ನೀವು ಹೋದಂಥ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಕೊಡಬೇಕಾದ ಪಟ್ಟಿಯಲ್ಲೇ ಅದು ಇದೆ. ಬೆಲೆ ಜಾಸ್ತಿ ಇದ್ದದ್ದು ಗುಣದಲ್ಲೂ ಜಾಸ್ತಿ ಅನ್ನೋದು ಔಷಧಿಯ ವಿಷಯದಲ್ಲಿ ನಡೆಯಲ್ಲ.

ಹಾಗಾದರೆ ನ್ಯುಮೋನಿಯಾ ಅಂತ ಮನೆಯಲ್ಲಿ ಗೊತ್ತಾಗೋದು ಹೇಗೆ? ಇದನ್ನು ದಯವಿಟ್ಟು ಕಲಿತುಕೊಳ್ಳಿ. ಮಗು ಮಲಗಿರುವಾಗ ಅಥವಾ ಮಡಿಲಲ್ಲಿ ಸುಮ್ಮನೆ ಕೂತಿರುವಾಗ ಅಂಗಿಯನ್ನು ಎದೆ ಮೇಲಕ್ಕೆ ಎತ್ತಿ. ಹೊಟ್ಟೆ ಏರಿ ಇಳಿದರೆ ಒಂದು ಉಸಿರು. ಮೊಬೈಲ್‌ನಲ್ಲಿ ಗಡಿಯಾರ ಇಟ್ಟುಕೊಂಡು ಪೂರ್ತಿ ಒಂದು ನಿಮಿಷ ಎಣಿಸಿ. ಅರ್ಧ ನಿಮಿಷ ಎಣಿಸಿ ಡಬಲ್ ಮಾಡಬೇಡಿ, ಮಕ್ಕಳ ಉಸಿರು ಒಂದೇ ಸಮ ಇರಲ್ಲ. ಅಳುವಾಗ, ಓಡಿ ಬಂದಾಗ ಎಣಿಸಿದರೆ ಲೆಕ್ಕ ತಪ್ಪುತ್ತೆ. ಒಂದರಿಂದ ಐದು ವರ್ಷದ ಮಗುವಿಗೆ ನಿಮಿಷಕ್ಕೆ 40 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ, ಎರಡು ತಿಂಗಳು ದಾಟಿ ವರ್ಷ ತುಂಬದ ಕೂಸಿಗೆ 50 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ, ಅವತ್ತೇ ಆಸ್ಪತ್ರೆಗೆ ಹೋಗಿ. ಉಸಿರು ಎಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದ್ದರೆ, ಮಗು ನೀರೂ ಕುಡಿಯದಿದ್ದರೆ, ಎಬ್ಬಿಸಿದರೂ ಮಂಕಾಗಿದ್ದರೆ, ಫಿಟ್ಸ್ ಬಂದರೆ ರಾತ್ರಿ ಎಷ್ಟು ಹೊತ್ತಾಗಿದ್ದರೂ ಸರಿ, 108ಕ್ಕೆ ಫೋನ್ ಮಾಡಿ. ನಿಮ್ಮ ಹತ್ತಿರ ಇರೋ ತಾಯಿ ಕಾರ್ಡ್ ತೆಗೆದು ನ್ಯುಮೋಕಾಕಲ್ ಲಸಿಕೆ ಮೂರೂ ಸಲ ಹಾಕಿಸಿದ್ದೀರಾ ಅಂತಲೂ ನೋಡಿ. ಒಂದೂವರೆ ತಿಂಗಳು, ಮೂರೂವರೆ ತಿಂಗಳು, ಒಂಬತ್ತು ತಿಂಗಳಿಗೆ ಹಾಕುವ ಲಸಿಕೆ ಅದು.

ಇನ್ನು ನಿಮ್ಮ ರಜೆಯ ವಿಷಯ. ನನಗೆ ಇದೇ ದೊಡ್ಡದು ಅನಿಸುತ್ತೆ.

ನಾನು ಮಂಡ್ಯದಲ್ಲಿ ಕ್ಲಿನಿಕ್ ನಡೆಸುವವಳು. ಸಂಜೆ ಗಾರ್ಮೆಂಟ್ಸ್ ಬಸ್ಸುಗಳು ಬಂದ ಮೇಲೆ ಬೆಂಚು ತುಂಬುತ್ತೆ. ಕತ್ತಿನಲ್ಲಿ ಇನ್ನೂ ಐಡಿ ಕಾರ್ಡ್, ಸೀರೆ ಮೇಲೆ ನೂಲಿನ ಚೂರು. ‘ಮೇಡಂ, ನಾಳೆ ಬೆಳಿಗ್ಗೆ ಏಳು ಗಂಟೆಗೆ ಬಸ್ಸು. ಪವರ್ ಇರೋದು ಕೊಡಿ’ ಅಂತಾರೆ. ಅದೇ ಕೆಮ್ಮಿಗೆ ಹೈಸ್ಕೂಲ್ ಮೇಷ್ಟ್ರು ಬಂದರೆ, ‘ಮೂರು ದಿನ ನೋಡೋಣ, ಕಡಿಮೆ ಆಗದಿದ್ದರೆ ಬನ್ನಿ’ ಎಂದು ಧೈರ್ಯವಾಗಿ ಹೇಳಬಹುದು. ಅವರು ಬರುತ್ತಾರೆ. ನೀವು ಬರೋಕಾಗಲ್ಲ. ಅದು ನಿಮಗೂ ಗೊತ್ತು, ಬರೆದುಕೊಡುವ ಡಾಕ್ಟರಿಗೂ ಗೊತ್ತು. ‘ಮತ್ತೆ ಬರಲ್ಲ, ಏನಾದರೂ ಆದರೆ?’ ಎನ್ನುವ ಭಯಕ್ಕೆ ಪೆನ್ನು ತಾನಾಗೇ ಓಡುತ್ತೆ. ಬಡವರಿಗೆ ಆಂಟಿಬಯಾಟಿಕ್ ಜಾಸ್ತಿ ಬೀಳೋದಕ್ಕೆ ಬಡವರ ದಡ್ಡತನ ಕಾರಣ ಎಂದು ಯಾರಾದರೂ ಭಾಷಣ ಮಾಡಿದರೆ ನನಗೆ ಸಿಟ್ಟು ಬರುತ್ತೆ. ಸಿಗದ ರಜೆಯ ಬದಲು, ಸಿಗದ ಎರಡನೇ ಭೇಟಿಯ ಬದಲು ನಿಮ್ಮ ಕೈಗೆ ಮಾತ್ರೆ ಸಿಗುತ್ತಿದೆ.

ಕಾನೂನೂ ಹಾಗೇ ಇದೆ ನೋಡಿ. ನಿಮ್ಮ ಸಂಬಳದಲ್ಲಿ ಇಎಸ್‌ಐಗೆ (ಕಾರ್ಮಿಕರ ವಿಮೆಗೆ) ಹಿಡಿಯುತ್ತಾರೆ. ನಿಮಗೆ ಹುಷಾರಿಲ್ಲದಾಗ ಸರ್ಟಿಫಿಕೇಟ್ ಕೊಟ್ಟರೆ ಸಂಬಳದ ಶೇ. 70ರಷ್ಟು ಬರುತ್ತೆ. ಆದರೆ ಇಎಸ್‌ಐ ನಿಯಮದಲ್ಲೇ ಒಂದು ಮಾತಿದೆ. ಕಾಯಿಲೆಯ ಮೊದಲ ಎರಡು ದಿನಕ್ಕೆ ದುಡ್ಡಿಲ್ಲ. ಹದಿನೈದು ದಿನದೊಳಗೆ ಮತ್ತೆ ಮಲಗಿದರೆ ಮಾತ್ರ ಅದಕ್ಕೆ ವಿನಾಯಿತಿ. ಶೀತ ಜ್ವರಕ್ಕೆ ಬೇಕಾಗೋದೇ ಆ ಎರಡು ದಿನ! ಇನ್ನು ಮಗುವಿಗೆ ಜ್ವರ ಅಂದರೆ ಅದೂ ಇಲ್ಲ, ಆ ದುಡ್ಡು ಕೆಲಸಗಾರರ ಸ್ವಂತ ಕಾಯಿಲೆಗೆ ಮಾತ್ರ. ನಿಮ್ಮ ಯೂನಿಯನ್‌ನವರು ಸಂಬಳದ ಜೊತೆ ಇದನ್ನೂ ಕೇಳಬೇಕು. ಒಬ್ಬ ಡಾಕ್ಟರ್ ಆಗಿ ಹೇಳುತ್ತಿದ್ದೇನೆ, ಇದು ಆಂಟಿಬಯಾಟಿಕ್‌ನ ವಿಷಯವೂ ಹೌದು.

ಬೇಡದ ಆಂಟಿಬಯಾಟಿಕ್‌ಗೆ ಬೆಲೆ ತೆರೋದೂ ನೀವೇ. ಈಗಲೇ ಮಗುವಿಗೆ ಭೇದಿ, ಮೈಮೇಲೆ ದದ್ದು ಆಗಬಹುದು. ಮುಂದೆ ಬೇಕಾದಾಗ ಔಷಧಿ ಕೆಲಸ ಮಾಡದೆ ಹೋಗಬಹುದು. ನಿಮ್ಮ ಲೈನ್‌ನಲ್ಲೇ ಕೇಳಿ ನೋಡಿ, ಉರಿಮೂತ್ರ ಆಗದವರು ಎಷ್ಟು ಜನ ಸಿಗುತ್ತಾರೆ ಅಂತ. ಟಾರ್ಗೆಟ್ ಮುಗಿಸಬೇಕು ಅಂತ ನೀರು ಕುಡಿಯಲ್ಲ, ಶೌಚಾಲಯಕ್ಕೆ ಎದ್ದು ಹೋಗಲ್ಲ. ಹಿಂದೆ ಸಿಪ್ರೊಫ್ಲಾಕ್ಸಾಸಿನ್ ಮಾತ್ರೆಗೆ ಹೋಗುತ್ತಿದ್ದ ಉರಿಮೂತ್ರ ಈಗ ಬಹಳ ಸಲ ಅದಕ್ಕೆ ಬಗ್ಗಲ್ಲ. ಆಮೇಲೆ ಮೂತ್ರದ ಕಲ್ಚರ್ (ರೋಗಾಣು ಯಾವ ಔಷಧಿಗೆ ಬಗ್ಗುತ್ತೆ ಅಂತ ನೋಡೋ ಪರೀಕ್ಷೆ) ಮಾಡಿಸಿ, ದುಬಾರಿ ಇಂಜೆಕ್ಷನ್ ಹಾಕಿಸಿಕೊಳ್ಳಿ ಅಂದರೆ ಇನ್ನಷ್ಟು ದಿನದ ಸಂಬಳ ಹೋಯಿತು, ಅಲ್ವಾ?

ಮಗನಿಗೆ ಈ ಸಲ ಶೀತ ಬಂದರೆ ಜ್ವರಕ್ಕೆ ತೂಕ ನೋಡಿ ಕೊಟ್ಟ ಪ್ಯಾರಾಸಿಟಮಾಲ್, ಕುಡಿಯಲು ಬಿಸಿ ಬಿಸಿ ತಿಳಿಸಾರು, ಕೆಮ್ಮಿಗೆ ಒಂದು ಚಮಚ ಜೇನುತುಪ್ಪ ಸಾಕು. ವರ್ಷ ತುಂಬದ ಕೂಸಿಗೆ ಮಾತ್ರ ಜೇನು ಬೇಡ. ನೀವು ಕೆಲಸಕ್ಕೆ ಹೋದಾಗ ನೋಡಿಕೊಳ್ಳೋ ಅಜ್ಜಿಗೂ ಉಸಿರು ಎಣಿಸೋದನ್ನು ಹೇಳಿಕೊಡಿ.

ಪ್ರಶ್ನೆ: ಮೇಡಂ, ನಾನು ಧಾರವಾಡದವಳು, ಬರ್ಮಿಂಗ್‌ಹ್ಯಾಮ್‌ನಲ್ಲಿ ಫಾರ್ಮಸಿಸ್ಟ್. ಮೊದಲು ಸಾಲಿಹಲ್‌ನಲ್ಲಿ ಸ್ಥಿತಿವಂತರೇ ಇರುವ ಕಡೆ ಕೆಲಸ ಮಾಡುತ್ತಿದ್ದೆ. ಈಗಿನ ಅಂಗಡಿ ಬಡವರೇ ಜಾಸ್ತಿ ಇರುವ ಬಡಾವಣೆಯಲ್ಲಿದೆ. ಇಲ್ಲಿ ಅಮಾಕ್ಸಿಸಿಲಿನ್, ಡಾಕ್ಸಿಸೈಕ್ಲಿನ್ ಚೀಟಿಗಳು ಎದ್ದು ಕಾಣುವಷ್ಟು ಜಾಸ್ತಿ. ನಮ್ಮೂರಲ್ಲಿ ಕಮಿಷನ್ ಆಸೆಗೆ ಬರೆಯುತ್ತಾರೆ ಅಂತಾರೆ. ಇಲ್ಲಿ ಜಿಪಿಗೆ (ಬಡಾವಣೆಯ ಕುಟುಂಬ ವೈದ್ಯರಿಗೆ) ಆ ಚೀಟಿಯಿಂದ ಒಂದು ಪೈಸೆ ಸಿಗಲ್ಲ. ಆದರೂ ಹೀಗೇಕೆ?

ಉತ್ತರ: ನೀವು ಕೌಂಟರ್ ಹಿಂದೆ ನಿಂತು ನೋಡಿದ್ದನ್ನೇ ಅಲ್ಲಿಯ ಅಂಕಿ ಅಂಶಗಳೂ ಹೇಳುತ್ತವೆ. ಇಂಗ್ಲೆಂಡ್‌ನಲ್ಲಿ ಪ್ರತಿ ಪ್ರದೇಶಕ್ಕೂ ಆದಾಯ, ಉದ್ಯೋಗ, ಮನೆ, ಓದು ಎಲ್ಲ ಸೇರಿಸಿ ಬಡತನದ ಸೂಚ್ಯಂಕ ಕೊಡುತ್ತಾರೆ. ಅದರ ಪಕ್ಕ ಜಿಪಿ ಚೀಟಿಗಳನ್ನಿಟ್ಟು ನೋಡಿದ ಅಧ್ಯಯನಗಳಲ್ಲಿ ಬಡ ಪ್ರದೇಶಗಳ ಕಡೆಯೇ ಆಂಟಿಬಯಾಟಿಕ್ ಜಾಸ್ತಿ ಕಂಡಿದೆ. ಅಲ್ಲಿ ಚಿಕಿತ್ಸೆ ಉಚಿತ, ಡಾಕ್ಟರ್ ಫೀಸ್ ಇಲ್ಲ, ಚೀಟಿ ಇಲ್ಲದೆ ಆಂಟಿಬಯಾಟಿಕ್ ಸಾಮಾನ್ಯವಾಗಿ ಸಿಗಲ್ಲ. ಅಷ್ಟೆಲ್ಲ ಇದ್ದೂ ಹೀಗೆ. ಅದಕ್ಕೇ ನಿಮ್ಮ ಪತ್ರವನ್ನು ಮದ್ದೂರಿನ ತಾಯಿಯ ಪತ್ರದ ಜೊತೆಗಿಟ್ಟೆ. ಬರೀ ಕಮಿಷನ್, ಬರೀ ಅಜ್ಞಾನ ಎಂದು ಹೇಳಿ ಕೈತೊಳೆದುಕೊಳ್ಳುವ ಹಾಗಿಲ್ಲ.

ಆ ಹೆಚ್ಚಿನ ಚೀಟಿಗಳಲ್ಲಿ ಎಲ್ಲವೂ ತಪ್ಪು ಎಂದುಕೊಳ್ಳಬೇಡಿ. ಬಡ ಬಡಾವಣೆಗಳಲ್ಲಿ ಕಾಯಿಲೆಯೇ ಜಾಸ್ತಿ. ಸಿಗರೇಟು, ಸಿಒಪಿಡಿ (ವರ್ಷಗಟ್ಟಲೆ ಕಾಡುವ ಶ್ವಾಸಕೋಶದ ಕಾಯಿಲೆ), ಸಕ್ಕರೆ ಕಾಯಿಲೆ, ಗೋಡೆಯಲ್ಲಿ ಬೂಷ್ಟು ಹಿಡಿದ ತೇವದ ಮನೆ. ಸಿಒಪಿಡಿ ಇದ್ದವರಿಗೆ ಚಳಿಗಾಲದಲ್ಲಿ ಕಫ ಕಟ್ಟಿ ಉಸಿರಾಡಲು ಕಷ್ಟವಾದಾಗ ಬರೆದ ಡಾಕ್ಸಿಸೈಕ್ಲಿನ್ ಬಹಳ ಸಲ ಬೇಕಾದದ್ದೇ ಇರುತ್ತೆ. ಇನ್ನೊಂದು ಕಡೆ, ಇಂಗ್ಲೆಂಡ್‌ನ ಆರೋಗ್ಯ ಇಲಾಖೆಯವರೇ 2018ರಲ್ಲಿ ಲೆಕ್ಕ ಹಾಕಿದ ಹಾಗೆ ಜಿಪಿಗಳು ಬರೆಯುವ ಆಂಟಿಬಯಾಟಿಕ್ ಚೀಟಿಗಳಲ್ಲಿ ಕನಿಷ್ಠ ಐದಕ್ಕೆ ಒಂದು ಬೇಡದ್ದು. ಅದು ಬಡವರ ಕಡೆ, ಸಿರಿವಂತರ ಕಡೆ ಎರಡೂ ಸೇರಿದ ಲೆಕ್ಕ.

ವೇಲ್ಸ್‌ನ ಗಣಿ ಕಾರ್ಮಿಕರ ಊರು ಗ್ಲಿನ್‌ಕೊರ್ರುಗ್‌ನಲ್ಲಿ ಜೂಲಿಯನ್ ಟ್ಯೂಡರ್ ಹಾರ್ಟ್ ಎಂಬ ಡಾಕ್ಟರ್ ಇದ್ದರು. ಊರಿನ ಜನರನ್ನೆಲ್ಲ ಕರೆದು ಬಿಪಿ ನೋಡಿದವರು. 1971ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಅವರೊಂದು ಮಾತು ಬರೆದರು. ಎಲ್ಲಿ ಕಾಯಿಲೆ ಜಾಸ್ತಿಯೋ ಅಲ್ಲಿ ಒಳ್ಳೆ ವೈದ್ಯಕೀಯ ಸೇವೆ ಸಿಗೋದು ಕಡಿಮೆ ಎನ್ನುವುದು ಅದರ ಸಾರ. ಸೇವೆಯನ್ನು ಮಾರುಕಟ್ಟೆಗೆ ಬಿಟ್ಟಷ್ಟೂ ಇದು ಹೆಚ್ಚುತ್ತದೆ ಎಂದೂ ಹೇಳಿದರು. ಅರ್ಧ ಶತಮಾನ ಕಳೆದರೂ ಬಡ ಬಡಾವಣೆಯ ಜಿಪಿಯ ಮುಂದೆ ರೋಗಿಗಳು ಜಾಸ್ತಿ, ಒಬ್ಬೊಬ್ಬರಿಗೆ ಇರುವ ಕಾಯಿಲೆಗಳೂ ಜಾಸ್ತಿ, ಸಿಗುವ ಸಮಯ ಹತ್ತು ನಿಮಿಷದ ಆಚೀಚೆ. ಆ ಹತ್ತು ನಿಮಿಷದಲ್ಲಿ ಸಕ್ಕರೆ ಕಾಯಿಲೆ, ಮನೆ ಬಾಡಿಗೆಯ ಚಿಂತೆ, ನಿದ್ದೆ ಬರದಿರೋದು, ಕೊನೆಗೆ ಕೆಮ್ಮು. ‘ಇದಕ್ಕೆ ಮಾತ್ರೆ ಬೇಡ’ ಎಂದು ನಂಬುವ ಹಾಗೆ ಹೇಳೋದಕ್ಕೆ ಸಮಯ ಬೇಕು. ಚೀಟಿ ಬರೆಯೋಕೆ ಅರ್ಧ ನಿಮಿಷ ಸಾಕು.

ಮದ್ದೂರಿನ ತಾಯಿಗೆ ಹೇಳಿದ ಆ ಎರಡು ದಿನ ನೆನಪಿಟ್ಟುಕೊಳ್ಳಿ. ಬ್ರಿಟನ್ನಿನ ಸಿಕ್ ಪೇ (ಕಾಯಿಲೆ ರಜೆಯ ದುಡ್ಡು) ನಿಯಮದಲ್ಲಿ ದಶಕಗಳ ಕಾಲ ಮೊದಲ ಮೂರು ದಿನಕ್ಕೆ ದುಡ್ಡು ಇರಲಿಲ್ಲ. ನಿಮ್ಮ ಕೌಂಟರ್‌ಗೆ ಬರುವ ಕೇರ್ ಹೋಮ್ ಕೆಲಸದವರು, ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವವರು ಬೇಗ ಗುಣ ಆಗೋ ಔಷಧಿ ಕೇಳಿದ್ದರೆ ಅದರಲ್ಲಿ ಆಶ್ಚರ್ಯ ಏನಿದೆ? 2025ರಲ್ಲಿ ಪಾಸಾದ ಉದ್ಯೋಗ ಹಕ್ಕುಗಳ ಕಾಯ್ದೆ ಈ ಮೂರು ದಿನದ ಕಾಯುವಿಕೆಯನ್ನು ತೆಗೆಯಿತು. ಆಂಟಿಬಯಾಟಿಕ್ ಬಗ್ಗೆ ಅಂಟಿಸುವ ನೂರು ಪೋಸ್ಟರ್‌ಗಿಂತ ಇಂಥ ಒಂದು ಸಾಲು ಹೆಚ್ಚು ಕೆಲಸ ಮಾಡಬಹುದು ಎಂದು ನನ್ನ ನಂಬಿಕೆ.

2014ರಲ್ಲಿ ಇಂಗ್ಲೆಂಡ್‌ನ ಮುಖ್ಯ ವೈದ್ಯಾಧಿಕಾರಿ, ಜಾಸ್ತಿ ಆಂಟಿಬಯಾಟಿಕ್ ಬರೆಯುವ ಕ್ಲಿನಿಕ್‌ಗಳ ಜಿಪಿಗಳಿಗೆ ಪತ್ರ ಬರೆದರು. ‘ನಿಮ್ಮ ಸುತ್ತಲಿನ ಶೇ. 80ರಷ್ಟು ಕ್ಲಿನಿಕ್‌ಗಳು ನಿಮಗಿಂತ ಕಡಿಮೆ ಬರೆಯುತ್ತವೆ’ ಎಂದು ತಿಳಿಸುವ ಪತ್ರ. ಚೀಟಿಗಳು ಶೇ. 3ರಷ್ಟು ಇಳಿದವು. ಪತ್ರಕ್ಕೆ ಅಂಚೆ ಖರ್ಚು ಬಿಟ್ಟರೆ ಖರ್ಚಿಲ್ಲ, ಒಳ್ಳೆಯ ಕೆಲಸವೇ. ಆದರೆ ಗೋಡೆ ಒಣಗಿರುವ ಬಡಾವಣೆಯ ಡಾಕ್ಟರನ್ನೂ ಬೂಷ್ಟು ಹಿಡಿದ ಬಡಾವಣೆಯ ಡಾಕ್ಟರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಅಳೆಯೋದು ನ್ಯಾಯ ಅಲ್ಲ. ಸ್ಕಾಟ್‌ಲ್ಯಾಂಡ್‌ನಲ್ಲಿ ತೀರಾ ಬಡ ಪ್ರದೇಶಗಳ ನೂರು ಕ್ಲಿನಿಕ್‌ಗಳ ಜಿಪಿಗಳು 2009ರಲ್ಲಿ ‘ಡೀಪ್ ಎಂಡ್’ ಅಂತ ಗುಂಪು ಕಟ್ಟಿಕೊಂಡರು. ಅವರು ಅಂದಿನಿಂದ ಕೇಳುತ್ತಾ ಬಂದಿರೋದು ಮುಖ್ಯವಾಗಿ ಒಂದೇ. ನಮ್ಮ ರೋಗಿಗಳಿಗೆ ಜಾಸ್ತಿ ಸಮಯ ಕೊಡೋಕೆ ಅವಕಾಶ ಮಾಡಿಕೊಡಿ ಅಂತ.

ನಿಮ್ಮ ಕೈಯಲ್ಲಿ ಆಗೋದೂ ಇದೆ. ಕೆಲವು ಜಿಪಿಗಳು ಚೀಟಿ ಕೊಟ್ಟು, ‘ಈಗ ತಗೊಳ್ಳಬೇಡಿ, ಕೆಲವು ದಿನ ಬಿಟ್ಟೂ ಕಡಿಮೆ ಆಗದಿದ್ದರೆ ಮಾತ್ರ’ ಎಂದು ಹೇಳಿ ಕಳಿಸುತ್ತಾರಲ್ಲ, ಅಂಥ ಚೀಟಿ ಬಂದಾಗ ರೋಗಿಯ ಜೊತೆ ಎರಡು ಮಾತಾಡಿ. ಎಷ್ಟು ದಿನ ಕಾಯಬೇಕು, ಯಾವಾಗ ಓಡಿಬರಬೇಕು ಎಂದು ಅವರದೇ ಭಾಷೆಯಲ್ಲಿ ಹೇಳಿದರೆ ಬಹಳ ಜನ ಮಾತ್ರೆ ತಗೊಳ್ಳದೇ ಗುಣ ಆಗುತ್ತಾರೆ. 2024ರ ಜನವರಿಯಿಂದ ಗಂಟಲು ನೋವು, ಕಿವಿ ನೋವು, ಹೆಂಗಸರ ಉರಿಮೂತ್ರದಂಥ ಏಳು ತೊಂದರೆಗಳಿಗೆ ನೀವೇ ನೋಡಿ ಔಷಧಿ ಕೊಡಬಹುದು ಎಂದಾಗಿದೆ. ಅಪಾಯಿಂಟ್‌ಮೆಂಟ್ ಇಲ್ಲದೆ ಬಡವರು ಕಾಲಿಡಬಹುದಾದ ಜಾಗ ನಿಮ್ಮ ಅಂಗಡಿ. ಅಲ್ಲಿ ಅವಸರ ಮಾಡಬೇಡಿ.

ಪ್ರಶ್ನೆ: ಸಣ್ಣ ಮೆಡಿಕಲ್ ಶಾಪ್ ಇಟ್ಟಿದ್ದೇನೆ. ಕೂಲಿಯವರು ಬಂದು, ‘ಎರಡು ಅಜಿತ್ರೋ, ಎರಡು ಜ್ವರದ ಮಾತ್ರೆ ಕೊಡಿ’ ಅಂತಾರೆ. ಪೂರ್ತಿ ಸ್ಟ್ರಿಪ್‌ಗೆ ದುಡ್ಡಿರಲ್ಲ, ಡಾಕ್ಟರ್ ಫೀಸ್‌ಗೂ ಇರಲ್ಲ. ಕೊಡದಿದ್ದರೆ ಪಕ್ಕದ ಅಂಗಡಿಗೆ ಹೋಗುತ್ತಾರೆ. ಏನು ಮಾಡಲಿ?

ಉತ್ತರ: ಕೊಡಬೇಡಿ. ಆದರೆ ಬರಿಗೈಲೂ ಕಳಿಸಬೇಡಿ.

ಕಾನೂನು ನಿಮಗೆ ಗೊತ್ತೇ ಇದೆ. ಯಾವ ಆಂಟಿಬಯಾಟಿಕ್ ಮಾತ್ರೆಯನ್ನೂ ಚೀಟಿ ಇಲ್ಲದೆ ಕೊಡೋ ಹಾಗಿಲ್ಲ. ಸೆಫಿಕ್ಸೀಮ್, ಲಿವೋಫ್ಲಾಕ್ಸಾಸಿನ್‌ನಂಥವು 2014ರ ಮಾರ್ಚ್‌ನಿಂದ ಶೆಡ್ಯೂಲ್ ಎಚ್1 ಎಂಬ ಬಿಗಿ ನಿಯಮದ ಪಟ್ಟಿಯಲ್ಲಿವೆ. ರಿಜಿಸ್ಟರ್‌ನಲ್ಲಿ ರೋಗಿಯ ಹೆಸರು, ಡಾಕ್ಟರ್ ಹೆಸರು ಬರೆದು ಮೂರು ವರ್ಷ ಇಡಬೇಕು. ದೇಶದ ಖಾಸಗಿ ಮಾರುಕಟ್ಟೆಯಲ್ಲಿ 2019ರಲ್ಲಿ ಎಲ್ಲಕ್ಕಿಂತ ಜಾಸ್ತಿ ಹೋದ ಆಂಟಿಬಯಾಟಿಕ್ ಅಜಿತ್ರೋಮೈಸಿನ್ 500, ಅದರ ಹಿಂದೆಯೇ ಸೆಫಿಕ್ಸೀಮ್ 200. ಎರಡೂ ಹುಷಾರಾಗಿ ಬಳಸಬೇಕಾದ ಗುಂಪಿನವು.

ಕತ್ತರಿಯಲ್ಲಿ ಕತ್ತರಿಸಿಕೊಟ್ಟ ಎರಡು ಮಾತ್ರೆ ನನ್ನ ಟೇಬಲ್‌ಗೆ ದಿನಾ ಬರುತ್ತೆ. ಸ್ಟ್ರಿಪ್‌ನ ಕೆಂಪು ಗೆರೆ ಅರ್ಧ ಉಳಿದಿರುತ್ತೆ, ಹೆಸರು, ಎಕ್ಸ್‌ಪೈರಿ ತಾರೀಖು ಎರಡೂ ಹೋಗಿರುತ್ತೆ. ಏನು ನುಂಗಿದ್ದೀರಿ ಅಂತ ಕೇಳಿದರೆ ‘ಬಿಳಿ ಮಾತ್ರೆ’ ಅಂತಾರೆ. ಆಮೇಲೆ ನಾನು ಯಾವ ದಾರಿ ಹಿಡಿಯಲಿ ಹೇಳಿ. ಚೀಟಿ ಮೇಲೆ ಕೊಡುವಾಗಲೂ ದಯವಿಟ್ಟು ಹೆಸರು ಇರೋ ತುದಿಯನ್ನು ರೋಗಿಗೆ ಕೊಡಿ, ಇಲ್ಲದಿದ್ದರೆ ಕವರ್ ಮೇಲೆ ಬರೆಯಿರಿ.

ಭೇದಿ ಅಂತ ಬಂದವರಿಗೆ ಓಆರ್‌ಎಸ್ ಕೊಡಿ, ಮಕ್ಕಳಿಗೆ ಅದರ ಜೊತೆ ಝಿಂಕ್ 14 ದಿನ. ರಕ್ತ ಬೀಳುತ್ತಿದ್ದರೆ ಆಸ್ಪತ್ರೆ. ಶೀತಕ್ಕೆ ಪ್ಯಾರಾಸಿಟಮಾಲ್. ಮಗು ಏದುಸಿರು ಬಿಡುತ್ತಿದ್ದರೆ ನಿಮ್ಮ ಅಂಗಡಿಯಿಂದ ನೇರ ಆಟೋ ಹತ್ತಿಸಿ.

ಪಕ್ಕದ ಅಂಗಡಿಯ ವಿಷಯ ನಿಜ. ಒಬ್ಬರೇ ನಿಯಮ ಪಾಲಿಸಿದರೆ ಒಬ್ಬರಿಗೇ ನಷ್ಟ. ಕೇರಳದಲ್ಲಿ 2024ರ ಜನವರಿಯಿಂದ ‘ಆಪರೇಷನ್ ಅಮೃತ್’ ಅಂತ ಔಷಧಿ ಅಂಗಡಿಗಳನ್ನು ತಪಾಸಣೆ ಮಾಡೋಕೆ ಶುರು ಮಾಡಿದರು. ಆದರೆ ಅಲ್ಲಿ ಇನ್ನೊಂದನ್ನು ಅದಕ್ಕೂ ಮೊದಲೇ ಮಾಡಿದ್ದರು. ಆರ್ದ್ರಂ ಯೋಜನೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಕುಟುಂಬ ಆರೋಗ್ಯ ಕೇಂದ್ರ ಮಾಡಿ, ಡಾಕ್ಟರು ಸಂಜೆ ಆರರವರೆಗೆ ಸಿಗುವ ಹಾಗೆ ಮಾಡಿದ್ದರು. ನಮ್ಮಲ್ಲಿ ಕೂಲಿ ಮುಗಿಸಿ ಬರುವ ಹೊತ್ತಿಗೆ ತೆರೆದಿರೋದು ನಿಮ್ಮ ಅಂಗಡಿ ಮಾತ್ರ. ನಿಮ್ಮ ತಾಲ್ಲೂಕಿನ ಔಷಧ ವ್ಯಾಪಾರಿಗಳ ಸಂಘ ಸೇರಿ ಸಂಜೆ ಒಪಿಡಿ ಬೇಕು ಅಂತ ತಾಲ್ಲೂಕು ಆರೋಗ್ಯಾಧಿಕಾರಿಗೆ ಅರ್ಜಿ ಕೊಟ್ಟರೆ ನನಗೂ ಒಂದು ಪ್ರತಿ ಕಳಿಸಿ, ನಾನೂ ಸಹಿ ಹಾಕುತ್ತೇನೆ.

ಎಲ್ಲಕ್ಕಿಂತ ಮುಖ್ಯವಾದದ್ದು ಕೆಮ್ಮಿನ ಬಗ್ಗೆ. ಕೆಮ್ಮಿಗೆ ಲಿವೋಫ್ಲಾಕ್ಸಾಸಿನ್ ಮಾತ್ರ ಯಾವ ಕಾರಣಕ್ಕೂ ಸುಮ್ನೆ ಕೊಡಬೇಡಿ. ಅದು ಟಿಬಿ ರೋಗಾಣುವಿನ ಮೇಲೂ ಸ್ವಲ್ಪ ಕೆಲಸ ಮಾಡುತ್ತೆ. ಕೂಲಿಯವನಿಗೆ ನಾಲ್ಕು ದಿನ ಹಗುರ ಅನಿಸುತ್ತೆ, ಪರೀಕ್ಷೆಯಲ್ಲಿ ಟಿಬಿ ಸಿಗೋದು ತಡವಾಗುತ್ತೆ, ಅಷ್ಟರಲ್ಲಿ ಒಂದೇ ಕೋಣೆಯಲ್ಲಿ ಮಲಗುವ ಮಕ್ಕಳಿಗೂ ಹರಡುತ್ತೆ. ಎರಡು ವಾರ ದಾಟಿದ ಕೆಮ್ಮು, ಸಂಜೆ ಜ್ವರ, ತೂಕ ಇಳಿದಿರೋದು, ಕಫದಲ್ಲಿ ರಕ್ತ, ಇದರಲ್ಲಿ ಯಾವುದಾದರೂ ಇದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಲು ಹೇಳಿ. ಪರೀಕ್ಷೆಯೂ ಪುಕ್ಕಟೆ, ಟಿಬಿ ಔಷಧಿಯೂ ಪುಕ್ಕಟೆ. ಇದನ್ನೇ ಒಂದು ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದು ಕೌಂಟರ್ ಮುಂದೆ ನೇತುಹಾಕಿ. ಓದಲು ಬಾರದವರಿಗೆ ನೀವೇ ಓದಿ ಹೇಳಿ.